ಬಯಲುಸೀಮೆಗೆ ತಡವಾಗಿ ಬಂದ ಕೆಂಪು: ಚಿತ್ರದುರ್ಗದ ನೆಲದಲ್ಲಿ ಟೊಮೆಟೊ ಮತ್ತು ಲೈಕೊಪೀನ್

ಚಿತ್ರದುರ್ಗ ಸೀಮೆಯ ಕಸುಬುಗಳ ಚರಿತ್ರೆಯಲ್ಲಿ ಕೆಂಪು ಬಣ್ಣಕ್ಕೆ ಟೊಮೆಟೊ ಕಾಲಿಡುವುದಕ್ಕೆ ಬಹಳ ಮೊದಲೇ ಬೆಲೆಯಿತ್ತು. 1800–01ರಲ್ಲಿ ಮೈಸೂರು ರಾಜ್ಯವನ್ನು ಸುತ್ತಿ ಅಲ್ಲಿನ ಬೆಳೆ, ಕಸುಬು, ವ್ಯಾಪಾರಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್, ಈಗ ಹೊಸದುರ್ಗ ತಾಲ್ಲೂಕಿಗೆ ಸೇರಿರುವ ಮತ್ತೋಡಿನಲ್ಲಿ ಗಾಜಿನ ಬಳೆ ತಯಾರಾಗುತ್ತಿದ್ದುದನ್ನು ವಿವರಿಸುವಾಗ ಕಪ್ಪು, ಹಸಿರು, ನೀಲಿ, ಹಳದಿಗಳ ಜೊತೆಗೆ ಕೆಂಪು ಬಳೆಯನ್ನೂ ಹೆಸರಿಸಿದ್ದಾನೆ. ಹೊಳಲ್ಕೆರೆಯ ತೋಟಗಳಿಂದ ಭೀಮಸಮುದ್ರದ ವರ್ತಕರವರೆಗೆ ಸಾಗುವ ಅಡಿಕೆಯ ವ್ಯವಹಾರದಲ್ಲಿ, ಎಳೆಯ ಕಾಯಿಯನ್ನು ಸುಲಿದು ಚೊಗರಿನಲ್ಲಿ, ಅಂದರೆ ಹಿಂದಿನ ಅಡಿಕೆ ಬೇಯಿಸಿ ಉಳಿದ ಗಟ್ಟಿ ಕಷಾಯದಲ್ಲಿ, ಬೇಯಿಸಿ ಒಣಗಿಸಿದಾಗ ಮೂಡುವ ಕೆಂಪನ್ನು ನೋಡದೆ ಯಾರೂ ರಾಶಿಗೆ ಬೆಲೆ ಹೇಳುವುದಿಲ್ಲ. ಇತ್ತೀಚಿನ ದಶಕಗಳಲ್ಲಿ ಹಿರಿಯೂರು ಮತ್ತು ಹೊಸದುರ್ಗದ ಮಸಾರಿ ಹೊಲಗಳಲ್ಲಿ ಹರಡಿದ ಭಗವಾ ತಳಿಯ ದಾಳಿಂಬೆ ಈ ಸಾಲಿಗೆ ಮತ್ತೊಂದು ಕೆಂಪನ್ನು ಸೇರಿಸಿತು. ಇವೆಲ್ಲವುಗಳ ನಡುವೆ ಟೊಮೆಟೊದ ಕೆಂಪು ತಡವಾಗಿ ಬಂದದ್ದು, ಸ್ವಭಾವದಲ್ಲಿಯೂ ಬೇರೆಯಾದದ್ದು.

ಅಡಿಕೆಯ ಚೊಗರಿಗೆ ಬಣ್ಣ ಕೊಡುವ ಟ್ಯಾನಿನ್‌ಗಳೂ ದಾಳಿಂಬೆಯ ಕಾಳಿಗೆ ಬಣ್ಣ ಕೊಡುವ ಆಂಥೊಸಯನಿನ್‌ಗಳೂ ನೀರಿನಲ್ಲಿ ಕರಗುತ್ತವೆ. ಟೊಮೆಟೊಗೆ ಬಣ್ಣ ಕೊಡುವ ಲೈಕೊಪೀನ್ ನೀರಿಗೆ ಜಗ್ಗುವುದಿಲ್ಲ, ಕೊಬ್ಬು ಅಥವಾ ಎಣ್ಣೆಯಲ್ಲಿ ಮಾತ್ರ ಕರಗುತ್ತದೆ. ಕ್ಯಾರೊಟಿನಾಯ್ಡ್‌ಗಳೆಂಬ ಹಳದಿ, ಕಿತ್ತಳೆ, ಕೆಂಪು ವರ್ಣದ್ರವ್ಯಗಳ ದೊಡ್ಡ ಕುಟುಂಬಕ್ಕೆ ಸೇರಿದ ಈ ವಸ್ತುವಿನ ಒಂದೊಂದು ಅಣುವಿನಲ್ಲಿಯೂ 40 ಇಂಗಾಲದ ಮತ್ತು 56 ಜಲಜನಕದ ಪರಮಾಣುಗಳಿದ್ದು, ಅವು ಉಂಗುರಗಳಿಲ್ಲದ ಉದ್ದನೆಯ ಸರಪಳಿಯಾಗಿ ಜೋಡಣೆಗೊಂಡಿರುತ್ತವೆ. ಆ ಸರಪಳಿಯ 13 ಜೋಡಿಬಂಧಗಳಲ್ಲಿ 11 ಒಂದರ ಪಕ್ಕ ಒಂದರಂತೆ ಎಡೆಬಿಟ್ಟು ಸಾಲಾಗಿ ಇರುವುದರಿಂದ ಅಣುವು ಬೆಳಕಿನ ನೀಲಿ ಮತ್ತು ಹಸಿರು ಭಾಗವನ್ನು ಹೀರಿ ಕೆಂಪನ್ನು ಹೊರಗೆ ಬಿಡುತ್ತದೆ. ಗಜ್ಜರಿಯ ಬೀಟಾ ಕ್ಯಾರೊಟಿನ್ ಇದರ ಹತ್ತಿರದ ಬಂಧುವೇ ಆಗಿದ್ದರೂ ಅದರ ಎರಡು ತುದಿಗಳಲ್ಲಿ ಉಂಗುರಗಳಿವೆ, ಆದ್ದರಿಂದ ದೇಹವು ಅದನ್ನು ಒಡೆದು ‘ಎ’ ಜೀವಸತ್ವ ಮಾಡಿಕೊಳ್ಳಬಲ್ಲದು. ಲೈಕೊಪೀನಿಗೆ ಉಂಗುರವಿಲ್ಲ, ಅದರಿಂದ ಆ ಜೀವಸತ್ವ ಹುಟ್ಟುವುದಿಲ್ಲ. ಟೊಮೆಟೊ ಕೆಂಪಗಿರುವುದರಿಂದ ಕಣ್ಣಿಗೆ ಒಳ್ಳೆಯದೆಂಬ ಜನಪ್ರಿಯ ಮಾತು ಇಲ್ಲಿಯೇ ಎಡವುತ್ತದೆ. ಆ ಗುಣ ಹಣ್ಣಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಬೀಟಾ ಕ್ಯಾರೊಟಿನಿಗೆ ಸೇರಿದ್ದೇ ಹೊರತು ಕೆಂಪಿಗಲ್ಲ. ಇಷ್ಟು ರಸಾಯನ ಇಲ್ಲಿ ಅಗತ್ಯವಾದದ್ದು ಏಕೆಂದರೆ ಈ ಸೀಮೆಯಲ್ಲಿ ಟೊಮೆಟೊದ ಕೆಂಪಿನ ಚರಿತ್ರೆ ಎಂದರೆ ಬಹುಮಟ್ಟಿಗೆ ಮೂರು ಸಂಗತಿಗಳ ಚರಿತ್ರೆ: ಬೆಳೆಗೆ ಸಿಕ್ಕ ನೀರು, ಹಣ್ಣಾಗುವ ಹೊತ್ತಿಗಿದ್ದ ಬಿಸಿಲು, ಒಲೆಯ ಮೇಲೆ ಕೂಡಿಕೊಂಡ ಎಣ್ಣೆ.

ಹಣ್ಣು ಹೊಸದಾದರೂ ಅದರೊಳಗಿನ ವಸ್ತು ಈ ನೆಲಕ್ಕೆ ಹೊಸದಾಗಿರಲಿಲ್ಲ. ಬೇಲಿಯ ಮೇಲೆ ತಾನಾಗಿ ಹಬ್ಬುವ ತೊಂಡೆಬಳ್ಳಿಯಲ್ಲಿ ಕೀಳದೆ ಉಳಿದ ಕಾಯಿ ಹಣ್ಣಾದಾಗ ಅದರ ಸಿಪ್ಪೆಯೂ ತಿರುಳೂ ಒಂದೇ ರೀತಿ ಕಡುಗೆಂಪಾಗುತ್ತವೆ, ಒಳಗಿನ ಬೀಜಗಳು ಕೆಂಪು ಲೋಳೆಯಲ್ಲಿ ಹುದುಗಿರುತ್ತವೆ. ಆ ಕೆಂಪಿನ ಬಹುಭಾಗ ಲೈಕೊಪೀನ್ ಮತ್ತು ಅದರ ಒಡಹುಟ್ಟಿದ ಕ್ಯಾರೊಟಿನಾಯ್ಡ್‌ಗಳದು. ನಾಯಕಿಯ ತುಟಿಯನ್ನು ತೊಂಡೆಹಣ್ಣಿಗೆ ಹೋಲಿಸಿದ ಹಳೆಯ ಕವಿಗಳು, ಸಂಸ್ಕೃತದ ಬಿಂಬಾಧರದಿಂದ ಹಿಡಿದು ಕನ್ನಡ ಕಾವ್ಯದವರೆಗೆ, ಅರಿಯದೆ ಹೊಗಳಿದ್ದು ಈ ವರ್ಣದ್ರವ್ಯವನ್ನೇ. ಬಲಿತು ಹಳದಿಯಾಗಿ ತಾನೇ ಸೀಳಿಕೊಂಡ ಹಾಗಲಕಾಯಿಯೊಳಗೆ ಬೀಜಗಳನ್ನು ಸುತ್ತಿದ ರಕ್ತವರ್ಣದ ಕವಚದಲ್ಲಿಯೂ ಲೈಕೊಪೀನ್ ತುಂಬಿರುತ್ತದೆ, ಹಳ್ಳದ ಮರಳಿನಲ್ಲಿ ಬೆಳೆಯುತ್ತಿದ್ದ ಕಲ್ಲಂಗಡಿಯ ತಿರುಳಿನಲ್ಲಿಯೂ ಅದೇ ಇದೆ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ಹಸಿ ಟೊಮೆಟೊದಲ್ಲಿ ಸುಮಾರು 2.6 ಮಿಲಿಗ್ರಾಂ ಲೈಕೊಪೀನ್ ಇದ್ದರೆ ಅಷ್ಟೇ ತೂಕದ ಕಲ್ಲಂಗಡಿಯಲ್ಲಿ ಸುಮಾರು 4.5 ಮಿಲಿಗ್ರಾಂ ಇರುತ್ತದೆ. ಆದರೆ ತೊಂಡೆ ಹಾಗಲಗಳನ್ನು ಜನ ಕಾಯಾಗಿದ್ದಾಗಲೇ ಪಲ್ಯ ಮಾಡುತ್ತಿದ್ದರು, ಹಣ್ಣಾದದ್ದು ಹಕ್ಕಿಗಳ ಪಾಲು. ಕಲ್ಲಂಗಡಿ ಋತುವಿನ ಹಣ್ಣು. ದಿನವೂ ಒಲೆಯ ಮೇಲೆ ಬೇಯುವ ಕೆಂಪು ಈ ಸೀಮೆಯ ಊಟದಲ್ಲಿ ಮೆಣಸಿನಕಾಯಿಯದೊಂದೇ ಆಗಿತ್ತು, ಅದರ ವರ್ಣದ್ರವ್ಯವೂ ಬೇರೆ.

ಟೊಮೆಟೊ ಬಂದು ಕುಳಿತದ್ದು ಹುಣಸೆಯ ಜಾಗದಲ್ಲಿ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಹಿರಿಯೂರಿನ ಕಡೆ ಅದಕ್ಕೂ ಕಡಿಮೆ ಬೀಳುವ ಈ ಪ್ರದೇಶದಲ್ಲಿ ಹೊಲದ ಬದುವಿನ ಹುಣಸೆಮರ ಬರಗಾಲದಲ್ಲಿಯೂ ಫಲ ಕೊಡುತ್ತಿತ್ತು, ಉಪ್ಪು ಬೆರೆಸಿ ಉಂಡೆ ಕಟ್ಟಿಟ್ಟ ಹುಣಸೆಹಣ್ಣು ವರ್ಷವಿಡೀ ಕೆಡದೆ ಉಳಿಯುತ್ತಿತ್ತು, ಮುದ್ದೆಯ ಸಾರಿಗೆ ಬೇಕಾದ ಹುಳಿಗೆ ಇನ್ನೊಂದು ದಾರಿ ಹುಡುಕುವ ಅಗತ್ಯವೇ ಇರಲಿಲ್ಲ. ಎರಡು ದಿನ ಬಿಸಿಲಿಗಿಟ್ಟರೆ ಕೊಳೆಯುವ, ನೀರು ತಪ್ಪಿದರೆ ಬಾಡುವ ಹೊಸ ಹಣ್ಣು ಇಂಥ ನೆಲದಲ್ಲಿ ನೆಲೆಯೂರಿದ್ದು ಏಕೆ ತಡವಾಯಿತು ಎಂಬ ಪ್ರಶ್ನೆಗೆ ರುಚಿಯ ವಿಚಾರದಲ್ಲಿ ಉತ್ತರ ಹುಡುಕುವವರು ಹುಣಸೆಯ ಈ ಅನುಕೂಲಗಳನ್ನು ಮರೆಯುತ್ತಾರೆ.

ಟೊಮೆಟೊದ ಕಾಡುಸಂಬಂಧಿಗಳ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಪಶ್ಚಿಮ ಪಾರ್ಶ್ವ. ಅದು ತೋಟದ ಬೆಳೆಯಾಗಿ ಪಳಗಿದ್ದು ಮೆಕ್ಸಿಕೊದಲ್ಲಿ. ಹದಿನಾರನೆಯ ಶತಮಾನದಲ್ಲಿ ಅಟ್ಲಾಂಟಿಕ್ ದಾಟಿದ ಈ ಗಿಡ ಪೋರ್ಚುಗೀಸರ ಹಡಗುಗಳ ಮೂಲಕ ಭಾರತದ ಕರಾವಳಿಗೆ ಬಂದಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಜೊತೆಗೆ ಬಂದ ಮೆಣಸಿನಕಾಯಿ ಕೆಲವೇ ತಲೆಮಾರುಗಳಲ್ಲಿ ಹಳ್ಳಿಹಳ್ಳಿಯ ಬೆಳೆಯಾಗಿ ಕಾಳುಮೆಣಸನ್ನು ಹಿಂದೆ ಹಾಕಿದರೆ, ಟೊಮೆಟೊ ಹೆಚ್ಚು ಕಡಿಮೆ ಮೂರು ಶತಮಾನ ಬಾಗಿಲ ಹೊರಗೇ ನಿಂತಿತು. 1889ರಿಂದ 1893ರವರೆಗೆ ಭಾರತದ ಆರ್ಥಿಕ ಉತ್ಪನ್ನಗಳ ಬೃಹತ್ ನಿಘಂಟನ್ನು ಸಂಪುಟಗಳಾಗಿ ಪ್ರಕಟಿಸಿದ ಜಾರ್ಜ್ ವಾಟ್, ಈ ಹಣ್ಣನ್ನು ಮುಖ್ಯವಾಗಿ ಯುರೋಪಿಯನ್ನರಿಗಾಗಿಯೇ ಬೆಳೆಯಲಾಗುತ್ತಿದೆ, ದೇಶೀಯರು ಈಗಷ್ಟೇ ಅದರ ರುಚಿ ಕಾಣತೊಡಗಿದ್ದಾರೆ, ಬಂಗಾಳಿಗಳೂ ಬರ್ಮೀಯರೂ ಅದನ್ನು ಹುಳಿಸಾರುಗಳಲ್ಲಿ ಬಳಸುತ್ತಾರೆ ಎಂಬ ಅರ್ಥದ ಮಾತನ್ನು ಬರೆದಿದ್ದಾನೆ. ಮೈಸೂರು ರಾಜ್ಯದಲ್ಲಿ ಇಂಥ ಸೀಮೆ ತರಕಾರಿಗಳಿಗೆ ಬಾಗಿಲು ತೆರೆದದ್ದು ಬೆಂಗಳೂರಿನ ದಂಡು ಪ್ರದೇಶದ ಬೇಡಿಕೆ ಮತ್ತು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗ್. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನನ ಕಾಲದಲ್ಲಿ ಹೊರದೇಶದ ಅನೇಕ ಸಸ್ಯಗಳು ಅಲ್ಲಿಂದ ಸುತ್ತಲ ತೋಟಗಳಿಗೆ ಹೊರಟವು. ಮಡಿಯ ಅಡುಗೆಮನೆಗಳು ಈ ಹಣ್ಣನ್ನು ಇನ್ನೂ ತಡವಾಗಿ ಒಪ್ಪಿದವು; ಶ್ರಾದ್ಧದ ಅಡುಗೆಗೆ ಆಲೂಗಡ್ಡೆ, ಎಲೆಕೋಸುಗಳ ಜೊತೆ ಟೊಮೆಟೊವೂ ಸಲ್ಲದೆಂಬ ಕಟ್ಟು ಹಲವು ಮನೆತನಗಳಲ್ಲಿ ಈಗಲೂ ಉಳಿದಿದೆ.

ಟೊಮೆಟೊದ ಬಣ್ಣವನ್ನು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿ ಗುರುತಿಸಿದ ಕಾಲವೂ ಹಿರಿಯೂರಿನ ಚರಿತ್ರೆ ತಿರುಗಿದ ಕಾಲವೂ ಹೆಚ್ಚು ಕಡಿಮೆ ಒಂದೇ. 1876ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಮಿಯಾರ್ದೆ ಟೊಮೆಟೊದಿಂದ ಕಚ್ಚಾ ರೂಪದಲ್ಲಿ ಈ ಕೆಂಪನ್ನು ತೆಗೆದಿದ್ದ. ಅದು ಗಜ್ಜರಿಯ ಬಣ್ಣವೇ ಇರಬೇಕೆಂದು ಕೆಲವರು ಭಾವಿಸಿದ್ದಾಗ, 1903ರಲ್ಲಿ ಶುಂಕ್ ಅದರ ಬೆಳಕು ಹೀರುವ ಪಟ್ಟಿಗಳು ಬೇರೆಯೆಂದು ತೋರಿಸಿ ಲೈಕೊಪೀನ್ ಎಂದು ಕರೆದ. 1910ರಲ್ಲಿ ವಿಲ್‌ಶ್ಟೆಟರ್ ಮತ್ತು ಎಶರ್ ಅದರ ಸೂತ್ರವನ್ನು ಖಚಿತಪಡಿಸಿದರು. ಅಣುವಿನ ಪೂರ್ಣ ರಚನೆಯನ್ನು 1930ರ ಸುಮಾರಿಗೆ ಬಿಡಿಸಿದ ಸ್ವಿಟ್ಜರ್‌ಲೆಂಡಿನ ಪೌಲ್ ಕಾರರ್‌ಗೆ 1937ರಲ್ಲಿ, ಕ್ಯಾರೊಟಿನಾಯ್ಡ್ ಮತ್ತು ಜೀವಸತ್ವಗಳ ಮೇಲಿನ ಒಟ್ಟು ಕೆಲಸಕ್ಕಾಗಿ, ನೊಬೆಲ್ ಪ್ರಶಸ್ತಿ ಬಂದಿತು. ಅತ್ತ ಶುಂಕ್ ಹೆಸರಿಡುತ್ತಿದ್ದ ವರ್ಷಗಳಲ್ಲಿ ಇತ್ತ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಏಳುತ್ತಿತ್ತು. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟಿಗೆ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ವಾಣೀವಿಲಾಸ ಸನ್ನಿಧಾನದವರ ಹೆಸರು ಸಂದಿತು. ಸುಮಾರು 30 ಟಿಎಂಸಿ, ಅಂದರೆ 30 ಶತಕೋಟಿ ಘನ ಅಡಿ, ನೀರು ಹಿಡಿಯಬಲ್ಲ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ನಂತರ ಮತ್ತೆ ತುಂಬಿ ಹರಿಯಲು 2022ರ ಸೆಪ್ಟೆಂಬರ್‌ವರೆಗೆ, 89 ವರ್ಷ, ಕಾಯಬೇಕಾಯಿತು. ಜಿಲ್ಲೆಯ ಮಳೆಯ ಬಗ್ಗೆ ಯಾವ ಅಂಕಿಅಂಶ ಪಟ್ಟಿಗಿಂತಲೂ ಇದು ಹೆಚ್ಚು ಹೇಳುತ್ತದೆ.

ಅಣೆಕಟ್ಟು ಹಿರಿಯೂರಿನ ಸುತ್ತ ಅಚ್ಚುಕಟ್ಟನ್ನು ಸೃಷ್ಟಿಸಿ ಭತ್ತ, ಕಬ್ಬು, ತೆಂಗು, ಅಡಿಕೆಗಳನ್ನು ತಂದಿತಾದರೂ ಟೊಮೆಟೊವನ್ನು ತಂದದ್ದು ಅದೇ ಎಂದು ಹೇಳುವುದು ಸರಿಯಾಗದು. ಸರದಿಯ ಮೇಲೆ ತೂಬು ಎತ್ತಿದಾಗ ಬಂದು ಹೊಲವನ್ನೇ ಮುಳುಗಿಸುವ ಕಾಲುವೆಯ ನೀರು ಭತ್ತಕ್ಕೆ ಒಗ್ಗುತ್ತದೆ. ಬೇರಿನ ಬುಡದಲ್ಲಿ ನೀರು ನಿಂತರೆ ಸೊರಗುವ, ನೀರು ಏರುಪೇರಾದರೆ ಹಣ್ಣು ಬಿರಿಯುವ ಟೊಮೆಟೊಗೆ ಬೇಕಾದದ್ದು ಸ್ವಲ್ಪ ಸ್ವಲ್ಪವಾಗಿ, ಬೇಕೆಂದಾಗ ಸಿಗುವ ನೀರು. ಅದನ್ನು ಕೊಟ್ಟದ್ದು ಮೊದಲು ಕಪಿಲೆ ಹೂಡಿದ ಸೇದುವ ಬಾವಿ, ಆಮೇಲೆ ವಿದ್ಯುತ್ ಪಂಪ್‌ಸೆಟ್, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೊಳವೆಬಾವಿ ಮತ್ತು ಹನಿ ನೀರಾವರಿ. ಆದ್ದರಿಂದ ಈ ಸೀಮೆಯಲ್ಲಿ ಟೊಮೆಟೊ ಹೊಲದ ಬೆಳೆಯಾದ ಚರಿತ್ರೆ ಅಂತರ್ಜಲ ಕೆಳಗಿಳಿದ ಚರಿತ್ರೆಯಿಂದ ಬೇರ್ಪಡಿಸಲಾಗದ್ದು. ರಾಗಿ, ಜೋಳ, ಹತ್ತಿ, ಶೇಂಗಾಗಳಂಥ ಮಳೆಯಾಶ್ರಿತ ಬೆಳೆಗಳು ಒಂದು ಮಳೆ ಕೈಕೊಟ್ಟರೆ ಒಂದು ಹಂಗಾಮನ್ನು ನುಂಗುತ್ತವೆ. ಕೊಳವೆಬಾವಿ ಬತ್ತಿದರೆ ಟೊಮೆಟೊ ಬೆಳೆಗಾರ ಬಾವಿ ಕೊರೆಸಲು ಮಾಡಿದ ಸಾಲವನ್ನೂ ಹೊರಬೇಕಾಗುತ್ತದೆ.

ಬೀಜದ ಚರಿತ್ರೆಯೂ ಇದೇ ಕಾಲಕ್ಕೆ ಸೇರಿದ್ದು. ನಾಟಿ ಎಂದು ಕರೆಯಲಾಗುವ, ಪಕ್ಕೆಪಕ್ಕೆಯಾಗಿ ಚಪ್ಪಟೆಯಾದ, ತೆಳುಸಿಪ್ಪೆಯ, ಹುಳಿ ಹೆಚ್ಚಿರುವ ಹಣ್ಣಿನ ಬೀಜವನ್ನು ಹಿಂಡಿ, ತೊಳೆದು, ಒಣಗಿಸಿ ಮುಂದಿನ ಮಡಿಗೆ ಇಟ್ಟುಕೊಳ್ಳುವ ಪದ್ಧತಿ ಹಿತ್ತಲ ಕೈತೋಟಕ್ಕೆ ಸಾಕಾಗಿತ್ತು, ದೂರದ ಮಾರುಕಟ್ಟೆಗೆ ಸಾಕಾಗಲಿಲ್ಲ. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ–ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ‘ಕರ್ನಾಟಕ’ ಎಂಬ ಹೆಸರಿನ ಸಂಕರ ಟೊಮೆಟೊವನ್ನು ಬಿಡುಗಡೆ ಮಾಡಿತು. ಎರಡು ತಳಿಗಳ ಹೂಗಳನ್ನು ಕೈಯಿಂದ ಪರಾಗಸ್ಪರ್ಶ ಮಾಡಿ ಪಡೆಯುವ ಇಂಥ ಬೀಜಗಳ ಉತ್ಪಾದನೆ ಅಂದಿನ ಚಿತ್ರದುರ್ಗ ಜಿಲ್ಲೆಯ ನೆರೆಯ ರಾಣೆಬೆನ್ನೂರಿನ ಸುತ್ತಲ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಬೆರಳಿನ ಕಸುಬಾಗಿ ಬೆಳೆಯಿತು. 1967ರಲ್ಲಿ ಆರಂಭವಾದ, ಹೆಸರಘಟ್ಟದಲ್ಲಿ ನೆಲೆಗೊಂಡ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ತನ್ನ ಅರ್ಕಾ ಸರಣಿಯಲ್ಲಿ ಮಳೆಯಾಶ್ರಿತ ಬೇಸಾಯಕ್ಕೆ ಹೊಂದುವ ಅರ್ಕಾ ಮೇಘಾಲಿಯಂಥ ತಳಿಗಳನ್ನೂ, ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಎಂಬ ಮೂರು ರೋಗಗಳನ್ನು ಒಟ್ಟಿಗೆ ತಡೆಯುವ ಅರ್ಕಾ ರಕ್ಷಕ್ ಸಂಕರವನ್ನೂ ಕೊಟ್ಟಿತು. ಬಿಳಿನೊಣ ಹರಡುವ ಮುಟುರು ರೋಗಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಸಂಕ್ರಾಂತಿ, ನಂದಿ, ವೈಭವ್ ಎಂಬ ನಿರೋಧಕ ತಳಿಗಳನ್ನು ರೂಪಿಸಿತು. ಈ ತಳಿಗಳೆಲ್ಲವುಗಳಲ್ಲಿ ತಜ್ಞರು ಬೆನ್ನುಹತ್ತಿದ್ದು ಇಳುವರಿ, ರೋಗನಿರೋಧ, ಸಾಗಣೆಗೆ ತಾಳುವ ಗಟ್ಟಿ ಸಿಪ್ಪೆಗಳನ್ನೇ. ಕೆಂಪು ಹೆಚ್ಚಿದ್ದರೆ ಒಳ್ಳೆಯದೆಂಬ ಅಪೇಕ್ಷೆ ಇತ್ತಾದರೂ ಅದು ಹಿಂದಿನ ಸಾಲಿನಲ್ಲಿತ್ತು.

ಆ ಕೆಂಪು ಎಷ್ಟು ಮೂಡುತ್ತದೆ ಎಂಬುದನ್ನು ಬೀಜದಷ್ಟೇ ಬಿಸಿಲೂ ನಿರ್ಧರಿಸುತ್ತದೆ ಎಂಬ ಸಂಗತಿ ಚಿತ್ರದುರ್ಗದಂಥ ಸೀಮೆಗೆ ಬಹಳ ಮುಖ್ಯವಾದದ್ದು. 1913ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರ್ ಟೊಮೆಟೊಗಳನ್ನು ಬೇರೆಬೇರೆ ಉಷ್ಣಾಂಶದಲ್ಲಿ ಮಾಗಿಸಿ, ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕೆಂಪು ಸರಿಯಾಗಿ ಮೂಡದೆ ಹಣ್ಣು ಹಳದಿಯಾಗಿ ಉಳಿಯುವುದನ್ನೂ, ಅದೇ ಹಣ್ಣನ್ನು ತಂಪಿಗೆ ತಂದರೆ ಕೆಂಪು ಮತ್ತೆ ಬರುವುದನ್ನೂ ತೋರಿಸಿದ. ಕಾಯಿ ಬಲಿತು ಎಥಿಲೀನ್ ಎಂಬ ಅನಿಲ ಅದರೊಳಗೆ ಹೆಚ್ಚಿದಾಗ ಹಸಿರು ಹರಿತ್ತು ಕರಗಿ, ಜೀವಕೋಶಗಳಲ್ಲಿ ಲೈಕೊಪೀನ್ ಸೂಜಿಯಂಥ ಹರಳುಗಳಾಗಿ ಕೂಡಿಕೊಳ್ಳುತ್ತದೆ; ಈ ಕ್ರಿಯೆಗೆ 20ರಿಂದ 25 ಡಿಗ್ರಿಯ ಆಸುಪಾಸು ಹಿತ. ಅತಿಯಾದ ಬಿಸಿಯಲ್ಲಿ ಲೈಕೊಪೀನಿನ ತಯಾರಿ ನಿಂತರೂ ಬೀಟಾ ಕ್ಯಾರೊಟಿನಿನ ತಯಾರಿ ಮುಂದುವರಿಯುವುದರಿಂದ ಹಣ್ಣು ಕಿತ್ತಳೆಯತ್ತ ವಾಲುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಗರಿಷ್ಠ ಉಷ್ಣಾಂಶ 35 ಡಿಗ್ರಿ ಮೀರುವುದು ಇಲ್ಲಿ ಸಾಮಾನ್ಯ. ಎಲೆಗಳು ಉದುರಿ ನೇರ ಬಿಸಿಲಿಗೆ ಒಡ್ಡಿಕೊಂಡ ಹಣ್ಣಿನ ಮೈ ಸುತ್ತಲ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಬೇಸಿಗೆಯ ಹಣ್ಣನ್ನು ಕೈಯಲ್ಲಿ ಹಿಡಿದು ನೋಡಿದರೆ ತೊಟ್ಟಿನ ಸುತ್ತ ಹಳದಿ ಹೆಗಲು ಉಳಿದಿರುವುದೂ, ಬಿಸಿಲು ಬಿದ್ದ ಮಗ್ಗುಲು ಬೆಳ್ಳಗೆ ಸುಟ್ಟಂತಾಗಿರುವುದೂ, ಕುಯ್ದಾಗ ಒಳಗಿನ ಗೋಡೆ ಕೆಂಪಿಗಿಂತ ಕಿತ್ತಳೆಗೆ ಹತ್ತಿರವಿರುವುದೂ ಕಾಣುತ್ತದೆ. ಕಾರ್ತಿಕದಿಂದ ಶಿವರಾತ್ರಿಯವರೆಗಿನ ತಂಪಿನಲ್ಲಿ ಅದೇ ಹೊಲದ, ಅದೇ ತಳಿಯ ಹಣ್ಣು ತೊಟ್ಟಿನ ಬುಡದವರೆಗೆ ಕೆಂಪಾಗುತ್ತದೆ. ಬೇಸಿಗೆಯ ಹಣ್ಣಿಗೆ ‘ಬಣ್ಣ ಬಂದಿಲ್ಲ’ ಎಂದು ದರ ಇಳಿಸುವ ವ್ಯಾಪಾರಿಯ ಮಾತು ನಿಜವಾದರೂ ಅದು ಬೆಳೆಗಾರನ ತಪ್ಪಲ್ಲ.

ಹಣ್ಣನ್ನು ಯಾವಾಗ ಕೀಳುತ್ತಾರೆ ಎಂಬುದೂ ಇಲ್ಲಿ ಸೇರುತ್ತದೆ. ಬೆಂಗಳೂರಿಗೂ ಉತ್ತರಕ್ಕೂ ಹೋಗುವ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವುದರಿಂದ ಟೊಮೆಟೊ ಸ್ಥಳೀಯ ಸಂತೆಗಿಂತ ದೂರದ ಮಾರುಕಟ್ಟೆಯ ಸರಕಾಯಿತು, ಆದ್ದರಿಂದ ಹಣ್ಣಾಗುವ ಮೊದಲೇ, ತುದಿಯಲ್ಲಿ ತುಸು ಬಣ್ಣ ತಿರುಗಿದ ದೋರಗಾಯಿಯಾಗಿದ್ದಾಗಲೇ, ಕಿತ್ತು ಕ್ರೇಟಿಗೆ ತುಂಬುವುದು ರೂಢಿಯಾಯಿತು. ದೋರಗಾಯಿ ಗಿಡದಿಂದ ಬಿಟ್ಟ ನಂತರವೂ ಕೆಂಪಾಗುತ್ತದೆ. ಆದರೆ ತಾಡಪಾಲು ಹೊದಿಸಿದ ಲಾರಿಯ ಬಿಸಿಯಲ್ಲಿ ಅದು ಕೆಂಪಿನ ಬದಲು ಹಳದಿಯಾಗಿ ಮೆತ್ತಗಾಗುವುದೇ ಹೆಚ್ಚು.

ಕೊನೆಯ ಸಂಗತಿ ಎಣ್ಣೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಎಣ್ಣೆ ನಗರವೆಂದೇ ಹೆಸರಾದದ್ದು. ಶೇಂಗಾ ಕೂಡ ಟೊಮೆಟೊದಂತೆ ದಕ್ಷಿಣ ಅಮೆರಿಕದಿಂದ ಬಂದ ಬೆಳೆ, ಈ ಸೀಮೆಯ ಮಸಾರಿ ನೆಲವನ್ನು ಆವರಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಒಂದೇ ಖಂಡದಿಂದ ಬಂದ ಎರಡು ಬೆಳೆಗಳು ಬಯಲುಸೀಮೆಯ ಒಗ್ಗರಣೆಯಲ್ಲಿ ಜೊತೆಯಾದವು, ಟೊಮೆಟೊದ ಕೆಂಪಿಗೆ ನಿಜವಾದ ಪ್ರಯೋಜನ ಒದಗಿದ್ದು ಆ ಜೋಡಣೆಯಿಂದ. 1992ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಷ್ಟಾಲ್ ಮತ್ತು ಹೆಲ್ಮುಟ್ ಸೀಸ್, ಹಸಿ ಟೊಮೆಟೊ ರಸ ಕುಡಿದವರ ರಕ್ತದಲ್ಲಿ ಲೈಕೊಪೀನ್ ಹೆಚ್ಚದಿದ್ದುದನ್ನೂ, ಅದೇ ರಸವನ್ನು ತುಸು ಎಣ್ಣೆ ಹಾಕಿ ಒಂದು ಗಂಟೆ ಕುದಿಸಿ ಕೊಟ್ಟಾಗ ಸ್ಪಷ್ಟವಾಗಿ ಏರಿದ್ದನ್ನೂ ಕಂಡುಕೊಂಡರು. ಕುದಿತದಿಂದ ಜೀವಕೋಶದ ಗೋಡೆಗಳು ಒಡೆದು ಹರಳುಗಳು ಹೊರಬರುತ್ತವೆ, ಎಣ್ಣೆ ಅವುಗಳನ್ನು ಕರಗಿಸಿಕೊಳ್ಳುತ್ತದೆ, ಮತ್ತು ಬಿಸಿಗೆ ಅಣುವಿನ ನೇರ ಸರಪಳಿಯ ಒಂದಷ್ಟು ಭಾಗ ಬಾಗಿದ ರೂಪಕ್ಕೆ ತಿರುಗುತ್ತದೆ. ಹಸಿ ಹಣ್ಣಿನಲ್ಲಿ ಬಹುಪಾಲು ನೇರ ರೂಪದಲ್ಲಿರುವ ಲೈಕೊಪೀನ್ ಮನುಷ್ಯನ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಗಿದ ರೂಪದಲ್ಲಿ ಸಿಗುವುದರಿಂದ, ಬಾಗಿದ ರೂಪ ಹೆಚ್ಚು ಸುಲಭವಾಗಿ ಹೀರಲ್ಪಡುತ್ತದೆಂದು ತಜ್ಞರು ತಿಳಿಯುತ್ತಾರೆ. ಮೆಣಸಿನಪುಡಿ ಹಾಕದ ಟೊಮೆಟೊ ಗೊಜ್ಜನ್ನು ಚೆನ್ನಾಗಿ ಬಾಡಿಸಿದಾಗ ಬಾಣಲೆಯ ಅಂಚಿಗೆ ಬಿಟ್ಟುಕೊಳ್ಳುವ ಎಣ್ಣೆ ಕಿತ್ತಳೆಗೆಂಪಾಗಿರುವುದು ಇದರ ಕಣ್ಣಿಗೆ ಕಾಣುವ ಪುರಾವೆ. ಸಿಪ್ಪೆಯಲ್ಲಿ ತಿರುಳಿಗಿಂತ ಹಲವು ಪಟ್ಟು ಹೆಚ್ಚು ಲೈಕೊಪೀನ್ ಇರುವುದರಿಂದ ಸಿಪ್ಪೆ ಸುಲಿಯದೆ ಹೆಚ್ಚಿ ಹಾಕುವ ಹಳ್ಳಿಯ ರೂಢಿ, ಕುದಿನೀರಿನಲ್ಲಿ ಅದ್ದಿ ಸಿಪ್ಪೆ ತೆಗೆಯುವ ಹೋಟೆಲಿನ ನಾಜೂಕಿಗಿಂತ ಈ ವಿಷಯದಲ್ಲಿ ಮೇಲು.

ಆರೋಗ್ಯದ ಮಾತು ಬಂದಾಗ ಎಚ್ಚರಿಕೆ ಬೇಕು. 1989ರಲ್ಲಿ ಡಿ ಮಾಸಿಯೊ, ಕೈಸರ್ ಮತ್ತು ಸೀಸ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಜೀವಕೋಶಗಳಿಗೆ ಹಾನಿ ಮಾಡುವ ಉದ್ರಿಕ್ತ ಸ್ಥಿತಿಯ ಆಮ್ಲಜನಕವನ್ನು ಶಮನಗೊಳಿಸುವುದರಲ್ಲಿ ಲೈಕೊಪೀನ್ ಉಳಿದ ಕ್ಯಾರೊಟಿನಾಯ್ಡ್‌ಗಳಿಗಿಂತ ಮುಂದಿದೆ ಎಂದು ಕಂಡುಬಂದಿತು. ಅದು ಪ್ರನಾಳದಲ್ಲಿ ನಡೆದ ಅಳತೆ. 1995ರಲ್ಲಿ ಹಾರ್ವರ್ಡ್‌ನ ಎಡ್ವರ್ಡ್ ಜೊವನುಚಿ ಮತ್ತು ಸಂಗಡಿಗರು ಸುಮಾರು 48,000 ಪುರುಷರನ್ನು ವರ್ಷಗಟ್ಟಲೆ ಗಮನಿಸಿ, ವಾರಕ್ಕೆ ಹತ್ತಕ್ಕಿಂತ ಹೆಚ್ಚು ಬಾರಿ ಟೊಮೆಟೊ ಪದಾರ್ಥ ತಿನ್ನುವವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಸುಮಾರು ಶೇ. 35ರಷ್ಟು ಕಡಿಮೆ ಕಂಡಿತೆಂದು ವರದಿ ಮಾಡಿದಾಗ ಜಗತ್ತಿನಾದ್ಯಂತ ಈ ಕೆಂಪಿಗೆ ಒಮ್ಮೆಲೇ ಕೀರ್ತಿ ಬಂದಿತು. ಆ ಅಧ್ಯಯನದಲ್ಲಿ ಬೇಯಿಸಿದ ಟೊಮೆಟೊ ಸಾಸಿನ ಸಂಬಂಧ ಗಟ್ಟಿಯಾಗಿತ್ತು, ಟೊಮೆಟೊ ರಸದ ಸಂಬಂಧ ಕಾಣಲಿಲ್ಲ ಎಂಬುದು ಎಣ್ಣೆ ಮತ್ತು ಬಿಸಿಯ ಕುರಿತು ಮೇಲೆ ಹೇಳಿದ್ದಕ್ಕೆ ಹೊಂದುತ್ತದೆ. ಆದರೆ ಜನರ ಊಟವನ್ನು ಗಮನಿಸುವ ಅಧ್ಯಯನ ಸಂಬಂಧವನ್ನು ತೋರಿಸಬಲ್ಲದು, ಕಾರಣವನ್ನು ಸಾಬೀತುಪಡಿಸಲಾರದು. ಟೊಮೆಟೊ ಹೆಚ್ಚು ತಿನ್ನುವವರ ಜೀವನ ಬೇರೆ ಎಷ್ಟೋ ರೀತಿಯಲ್ಲಿ ಭಿನ್ನವಾಗಿರಬಹುದು. 2005ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಂದಿನವರೆಗಿನ ಪುರಾವೆಗಳನ್ನೆಲ್ಲ ಪರಿಶೀಲಿಸಿ, ಲೈಕೊಪೀನ್ ಎಂಬ ಬಿಡಿ ವಸ್ತು ಕ್ಯಾನ್ಸರನ್ನು ತಡೆಯುತ್ತದೆ ಎನ್ನಲು ನಂಬಬಹುದಾದ ಆಧಾರವಿಲ್ಲ, ಟೊಮೆಟೊದ ಪರವಾಗಿಯೂ ಇರುವ ಪುರಾವೆ ಅತ್ಯಲ್ಪ ಎಂದು ತೀರ್ಮಾನಿಸಿತು. ಬಿಸಿಲಿನಿಂದ ಚರ್ಮ ಕೆಂಪಾಗುವುದನ್ನು ಟೊಮೆಟೊ ಪೇಸ್ಟು ತುಸು ತಗ್ಗಿಸುತ್ತದೆ, ರಕ್ತದೊತ್ತಡದ ಮೇಲೆ ಸಣ್ಣ ಪರಿಣಾಮವಿರಬಹುದು ಎಂಬ ಕೆಲವು ಪ್ರಯೋಗಗಳಿವೆ. ಅವು ಆಶಾದಾಯಕ, ಆದರೆ ಚಿಕ್ಕವು. ಅತಿಯಾಗಿ ತಿಂದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ: 1960ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿದಂತೆ, ದಿನಕ್ಕೆ ಸುಮಾರು ಎರಡು ಲೀಟರ್ ಟೊಮೆಟೊ ರಸವನ್ನು ವರ್ಷಗಟ್ಟಲೆ ಕುಡಿದ ಮಹಿಳೆಯೊಬ್ಬರ ಚರ್ಮ ಕಿತ್ತಳೆಗೆ ತಿರುಗಿತ್ತು, ಕುಡಿಯುವುದನ್ನು ಬಿಟ್ಟ ಮೇಲೆ ಸರಿಹೋಯಿತು.

ಇಷ್ಟನ್ನು ಒಟ್ಟಿಗಿಟ್ಟು ನೋಡಿದಾಗ ಔಷಧಿ ಅಂಗಡಿಯ ಲೈಕೊಪೀನ್ ಮಾತ್ರೆಗೆ ಹಣ ಸುರಿಯಲು ಕಾರಣ ಕಾಣುವುದಿಲ್ಲ. ಶೇಂಗಾ ಎಣ್ಣೆಯ ಒಗ್ಗರಣೆಯಲ್ಲಿ ಬಾಡಿಸಿದ ಚಳಿಗಾಲದ ಟೊಮೆಟೊ ಅದಕ್ಕಿಂತ ಅಗ್ಗ, ‘ಸಿ’ ಜೀವಸತ್ವ, ಪೊಟ್ಯಾಶಿಯಂ, ನಾರುಗಳನ್ನೂ ಜೊತೆಗೆ ಕೊಡುತ್ತದೆ. ಹುಣಸೆಯನ್ನು ಅದಕ್ಕಾಗಿ ಅಡುಗೆಮನೆಯಿಂದ ಹೊರಹಾಕಬೇಕಾಗಿಯೂ ಇಲ್ಲ. ಬೆಳೆಗಾರನ ಲೆಕ್ಕವೇ ಬೇರೆ. 2023ರ ಜುಲೈಯಲ್ಲಿ ಚಿಲ್ಲರೆ ದರ ಕಿಲೋಗೆ 100 ರೂಪಾಯಿ ದಾಟಿದ್ದೂ, ಬೇರೆ ವರ್ಷಗಳಲ್ಲಿ ಕೊಯ್ಲಿನ ಕೂಲಿ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದದ್ದೂ ಒಂದೇ ಬೆಳೆಯ ಚರಿತ್ರೆ, ಮತ್ತು ಆ ಏರಿಳಿತದಲ್ಲಿ ವರ್ಣದ್ರವ್ಯದ ಪ್ರಮಾಣಕ್ಕೆ ಯಾವ ಪಾತ್ರವೂ ಇಲ್ಲ: ಹರಾಜಿನಲ್ಲಿ 15 ಕಿಲೋ ಬಾಕ್ಸಿನ ಬೆಲೆ ನಿಲ್ಲುವುದು ಗಾತ್ರ, ಗಟ್ಟಿತನ, ಮೇಲ್ನೋಟದ ಬಣ್ಣ ಮತ್ತು ಆ ದಿನ ಮಾರುಕಟ್ಟೆಗೆ ಬಂದ ಲಾರಿಗಳ ಸಂಖ್ಯೆಯ ಮೇಲೆ.